ದರದ ಹಲಗೆ

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕರ ಲಾಭಕ್ಕೆ ಮಿತಿಯನ್ನು ವಿಧಿಸಿರುವುದುಂಟು. ಸ್ವದೇಶದ ಸರಕಿನ ಮೇಲೆ ನೂರಕ್ಕೆ 5, ಪರದೇಶದ ಸರಕಿನ ಮೇಲೆ ನೂರಕ್ಕೆ 10; ಮೀರಿದವರಿಗೆ ದಂಡ. ಆದರೆ ಸರಕನ್ನು ಹುಟ್ಟಿದ ಸ್ಥಳದಲ್ಲಿಯೇ ಮಾರಕೂಡದೆಂದೂ ಅದೇ ಗ್ರಂಥವು ವಿಧಿಸುತ್ತದೆ. ಸುಂಕ ತಪ್ಪಿಹೋಗಬಾರದೆಂಬುದು ಅದರ ಆಶಯವಿರಬೇಕು. ಬೆಳೆದವನಿಗೂ ಉಣ್ಣುವವನಿಗೂ ನಡುವೆ ಮೂರನೆಯವನು ನಿಲ್ಲುವ ಪದ್ಧತಿ ಎಷ್ಟು ಪುರಾತನವಾದುದೆಂಬುದನ್ನು ವಾಚಕರು ಇದರಿಂದಲೇ ಊಹಿಸಬಹುದು.

ಆ ಮೂರನೆಯವನ ಕೈಯನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಕಾಣಲಿಲ್ಲವೆನ್ನುವುದೇ ಸರಿಯೇನೋ, ಅದು ಟವಲಿನ ಕೆಳಗಿತ್ತು. ದೇವನಹಳ್ಳಿಯ ಕಡೆ ನಮ್ಮ ಸೋದರಮಾವನಿಗೆ ದ್ರಾಕ್ಷಿಯ ಚಪ್ಪರವಿದ್ದಿತು. ಪೇಟೆಯಲ್ಲಿ ದಲ್ಲಾಳಿಯೂ ಕೊಳ್ಳುವವನೂ ಬಟ್ಟೆಯ ಮರೆಯಲ್ಲಿ ಪರಸ್ಪರ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಹಣ್ಣಿನ ಒಡೆಯನು ಎದುರಿಗೇ ನಿಂತಿದ್ದರೂ ಆ ಬೆರಳುಗಳ ಭಾಷೆ ಅವನಿಗೆ ತಿಳಿಯದು. ರಾಗಿಯಾದರೆ ಹಗೇವಿನಲ್ಲಿ ತುಂಬಿಟ್ಟು ಒಳ್ಳೆಯ ದರ ಬರುವವರೆಗೆ ಕಾಯಬಹುದು, ದ್ರಾಕ್ಷಿ ಕಾಯುವುದಿಲ್ಲ. ಸಂಜೆಯೊಳಗೆ ಕೊಟ್ಟುದನ್ನು ಈಸಿಕೊಂಡು ಹೊರಡುವುದಲ್ಲದೆ ಆತನಿಗೆ ಗತ್ಯಂತರವಿರಲಿಲ್ಲ.

ಬೆಂಗಳೂರಿನಲ್ಲಿ 1959ರಲ್ಲಿ, ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ, ಮೊದಲು ಸಹಕಾರ ಸಂಘವನ್ನು ಕಟ್ಟಿಕೊಂಡವರು ದ್ರಾಕ್ಷಿ ಬೆಳೆಗಾರರೇ ಆದುದು ಈ ಕಾರಣದಿಂದ ನನಗೆ ಆಶ್ಚರ್ಯವೆನಿಸುವುದಿಲ್ಲ. ಅನಂತರ ಇತರ ಹಣ್ಣುತರಕಾರಿಗಳೂ ಸೇರಿದುವು. 1983ರಲ್ಲಿ ಅದು ಹಾಪ್‌ಕಾಮ್ಸ್ ಎಂಬ ಹೆಸರನ್ನು ಪಡೆಯಿತು. ಲಾಲ್‌ಬಾಗಿನಲ್ಲಿ ಅದರ ಕೇಂದ್ರ. ಬೆಳೆಗಾರನೇ ಸದಸ್ಯನು, ಮಾಲನ್ನು ತೂಗಿ, ಆ ದಿನದ ದರವನ್ನು ಗೊತ್ತುಪಡಿಸಿ, ನಗರದ ಮಳಿಗೆಗಳಿಗೆ ಕಳುಹಿಸುವರು. ಮಳಿಗೆಯಲ್ಲಿ ದರವನ್ನು ಹಲಗೆಯ ಮೇಲೆ ಬರೆದಿಡುವರು. ಟವಲಿನ ಕೆಳಗಿದ್ದುದು ಬೀದಿಗೆ ಬಂದಿತು. ಇದು ಅಲ್ಪವಾದ ಪರಿವರ್ತನೆಯಲ್ಲ.

ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ, ನೇಕಾರರೂ ಇತರ ಕಸುಬಿನವರೂ ಕೂಡಿ 28 ಮಂದಿ ತೆರೆದ ಅಂಗಡಿಯನ್ನು ಸಹಕಾರದ ಮೂಲವೆಂದು ಹೇಳುವ ವಾಡಿಕೆಯಿದೆ. ಅದು ಕೊಳ್ಳುವವರ ಅಂಗಡಿ; ಕಲಬೆರಕೆಯಿಲ್ಲದ ಹಿಟ್ಟೂ ಬೆಣ್ಣೆಯೂ ಅವರಿಗೆ ಬೇಕಾಗಿದ್ದುವು. ನಮ್ಮದು ಬೆಳೆಯುವವರದು. ಕೊಳ್ಳುವವನಿಗೆ ಇಲ್ಲಿ ಮತವಿಲ್ಲ. ಅವನ ಸಮ್ಮತಿಯೆಲ್ಲ ಅವನ ಚೀಲದಲ್ಲಿದೆ. ಇದೊಂದು ನ್ಯೂನತೆಯೆಂದೇ ನನ್ನ ಅಭಿಪ್ರಾಯ. ಪಾಲಿಲ್ಲದವನು ಬೇರೆ ಅಂಗಡಿಯಲ್ಲಿ ನಾಲ್ಕಾಣೆ ಅಗ್ಗವೆಂದು ಕೇಳಿದ ಕೂಡಲೇ ಅತ್ತ ತಿರುಗುವನು. ಪರರನ್ನೇಕೆ ದೂಷಿಸಲಿ? ಉಪಾಧ್ಯಾಯನಾಗಿ ಮೊದಲ ಸಂಬಳ ಪಡೆದ ತಿಂಗಳು ನಾನೇ ಅಲ್ಲಿ ಸೀಬೆಹಣ್ಣಿಗೆ ಚೌಕಾಸಿ ಮಾಡಿದೆನು. ಮಾರುವವನು ಮಾತಾಡದೆ ಹಲಗೆಯತ್ತ ಕೈ ತೋರಿಸಿದನು.

ನಮ್ಮ ಮಾವನವರು ತಡವಾಗಿ ಸಂಘಕ್ಕೆ ಸೇರಿದರು. ಆಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ, ಕಾಫಿಯನ್ನೂ ಕುಡಿಯದೆ, ನನ್ನನ್ನು ಕರೆದುಕೊಂಡು ಬೀದಿಯ ಕೊನೆಯ ಮಳಿಗೆಗೆ ಹೊರಡುವರು. ಏನನ್ನೂ ಕೊಳ್ಳುವುದಿಲ್ಲ. ಜೇಬಿನಿಂದ ತಮಗೆ ಸಂದ ಹಣದ ಚೀಟಿಯನ್ನು ತೆಗೆದು ಹಲಗೆಯ ಅಂಕಿಯೊಡನೆ ಹೋಲಿಸುವರು. ನಡುವಿನ ಅಂತರ ಒಮ್ಮೊಮ್ಮೆ ಅವರಿಗೆ ಅಧಿಕವೆಂದು ತೋರಿ, ಸಂಘದ ಸಭೆಯಲ್ಲಿ ಕೇಳುತ್ತೇನೆಂದು ಗೊಣಗುವರು.

“ಪೇಟೆಯಲ್ಲಾದರೆ ಯಾರನ್ನು ಕೇಳುತ್ತಿದ್ದಿರಿ ಮಾವ?” ಎಂದೆನು.

“ಅಲ್ಲಿ ಕೇಳೋದಕ್ಕೆ ಲೆಕ್ಕವೇ ಕಾಣುತ್ತಿರಲಿಲ್ಲವಲ್ಲೋ” ಎಂದು, ಅಂಕಿಯನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡರು.