ಮರದ ಡ್ರಾಯರ್‌ಗಳ ಮರುಪಾಲಿಶ್: ಉಜ್ಜುವಿಕೆ ಮತ್ತು ಸಿದ್ಧತೆ

ಹಳೆಯ ಮೇಜು, ಬೀರುಗಳ ಮರದ ಡ್ರಾಯರ್‌ಗೆ ಹೊಸ ಪಾಲಿಶ್ ಅಥವಾ ಬಣ್ಣ ಹಚ್ಚುವ ಮುನ್ನ ಹಳೆಯ ಲೇಪವನ್ನು ತೆಗೆದು, ಸಡಿಲವಾದ ಕೀಲುಗಳನ್ನು ಸರಿಪಡಿಸಿ, ಮೈಯನ್ನು ಮರಳುಕಾಗದದಿಂದ ಹಂತಹಂತವಾಗಿ ಉಜ್ಜಿ ನಯಗೊಳಿಸುವ ಕೆಲಸ.

ಕುರ್ಚಿ, ಮಂಚಗಳಂತೆ ಡ್ರಾಯರ್ ನಿಂತಲ್ಲೇ ನಿಲ್ಲುವ ವಸ್ತುವಲ್ಲ. ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಜಾರುತ್ತದೆ. ಅದರ ಮುಂಭಾಗ ನೋಟಕ್ಕೆ, ಪಕ್ಕದ ಹಲಗೆಗಳು ಜಾರುವುದಕ್ಕೆ, ಒಳಭಾಗ ಬಟ್ಟೆ ಕಾಗದಗಳನ್ನು ಇಡುವುದಕ್ಕೆ. ಮೂರನ್ನೂ ಒಂದೇ ಬಗೆಯಲ್ಲಿ ಉಜ್ಜಿ ಒಂದೇ ಪಾಲಿಶ್ ಬಳಿಯುವುದು ಈ ಕೆಲಸದ ದೊಡ್ಡ ತಪ್ಪು.

ಮೊದಲು ಡ್ರಾಯರ್‌ಗಳನ್ನು ಹೊರತೆಗೆದು ಪ್ರತಿಯೊಂದರ ಹಿಂಬದಿಗೂ ಅಂಕಿ ಬರೆದುಕೊಳ್ಳಬೇಕು. ಕೈಯಿಂದ ಮಾಡಿದ ಪೀಠೋಪಕರಣಗಳಲ್ಲಿ ಒಂದರ ಗೂಡಿಗೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಹಿಡಿ, ಬೀಗ, ತಿರುಪುಗಳನ್ನೂ ಬಿಚ್ಚಿಡಬೇಕು.

ಹಳೆಯ ಲೇಪ ಯಾವುದೆಂದು ತಿಳಿಯಲು ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡುತ್ತಾರೆ. ಅಂಟಂಟಾದರೆ ಅದು ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವುದೂ ಅರಗೇ. ಇಂಥ ಲೇಪವನ್ನು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದಲೇ ಒರೆಸಿ ತೆಗೆಯಬಹುದು.

ಹಳೆಯ ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿರುವ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಧೂಳು ಮನೆ ತುಂಬುವ ಅಪಾಯವಿದೆ, ಮಕ್ಕಳ ಮಿದುಳಿಗೆ ಅದು ವಿಷ. ಇಂಥ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆದು ತೆಗೆಯುವುದೇ ಕ್ಷೇಮ.

ಮರಳುಕಾಗದದ ಅಂಕಿ ಹೆಚ್ಚಿದಷ್ಟೂ ಕಣ ಸಣ್ಣದು. 80ರ ಕಾಗದದ ಕಣ ಸುಮಾರು 200 ಮೈಕ್ರಾನ್, 220ರದ್ದು ಸುಮಾರು 68 ಮೈಕ್ರಾನ್. ದೊಡ್ಡ ಕಣ ಬಿಟ್ಟ ಗೀರನ್ನು ಅದಕ್ಕಿಂತ ತುಸು ಸಣ್ಣ ಕಣ ಅಳಿಸುತ್ತ ಹೋಗಬೇಕು. ಆದ್ದರಿಂದ 80, 120, 180, 220 ಎಂಬ ಕ್ರಮ. ಅವಸರದಲ್ಲಿ ನಡುವಿನ ಹಂತ ಬಿಟ್ಟರೆ ಆಗ ಏನೂ ಕಾಣಿಸದು. ಪಾಲಿಶ್ ಬಿದ್ದ ಕೂಡಲೇ ಗೀರುಗಳೆಲ್ಲ ಎದ್ದು ಕಾಣುತ್ತವೆ. ಕೈ ಯಾವಾಗಲೂ ಮರದ ಎಳೆಯ ಜಾಡಿನಲ್ಲೇ ಓಡಬೇಕು, ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಹಿಡಿಯಬೇಕು. ಬರಿಗೈಯಲ್ಲಿ ಉಜ್ಜಿದರೆ ಬೆರಳು ಒತ್ತಿದಲ್ಲಿ ತಗ್ಗು ಬೀಳುತ್ತದೆ.

ಮುಂಭಾಗಕ್ಕೆ ವಿನೀರ್ ಎಂಬ ತೆಳು ಮರದ ಪದರ ಅಂಟಿಸಿದ್ದರೆ 80ರ ಕಾಗದ ಬೇಡ. ಈಗಿನ ವಿನೀರ್ ಒಂದು ಮಿಲಿಮೀಟರ್‌ಗಿಂತಲೂ ತೆಳು. ಸವೆದು ಕೆಳಗಿನ ಪ್ಲೈವುಡ್ ಕಂಡರೆ ಮತ್ತೆ ಮುಚ್ಚಲಾಗದು. ನೀರಿನ ಬಣ್ಣ ಬಳಿಯುವುದಾದರೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಒಣಗಿದ ಮೇಲೆ ಎದ್ದ ನವಿರು ಎಳೆಗಳನ್ನು 220ರಿಂದ ಹಗುರವಾಗಿ ತೆಗೆಯುತ್ತಾರೆ.

ಪಕ್ಕದ ಹಲಗೆಗಳನ್ನು ಕೊಳೆ ಹೋಗುವಷ್ಟು ಮಾತ್ರ ಉಜ್ಜಿದರೆ ಸಾಕು. ಮರ ತೇವ ಹೀರಿದಾಗ ಹಿಗ್ಗುವುದು ಮುಖ್ಯವಾಗಿ ಎಳೆಗೆ ಅಡ್ಡಲಾಗಿ. ಹಾಗಾಗಿ ಮಳೆಗಾಲದಲ್ಲಿ ಪಕ್ಕದ ಹಲಗೆಯ ಎತ್ತರ ಹೆಚ್ಚಿ ಡ್ರಾಯರ್ ಬಿಗಿಯಾಗುತ್ತದೆ. ಆಗಲೇ ಅಂಚನ್ನು ಹೆಚ್ಚು ಸವೆಸಿದರೆ ಬೇಸಿಗೆಯಲ್ಲಿ ಲೊಡಲೊಡ ಅನ್ನುತ್ತದೆ. ಅಳತೆ ಸರಿಪಡಿಸುವ ಕೆಲಸವನ್ನು ಒಣಹವೆ ಬರುವವರೆಗೆ ತಡೆಯುವುದು ಒಳ್ಳೆಯದು.

ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಯಲಲ್ಲಿ ಕೂತು ಉಜ್ಜಿದರೂ ಧೂಳು ತಡೆಯುವ ಮಾಸ್ಕ್ ಕಡ್ಡಾಯ.

ಒಳಭಾಗಕ್ಕೆ ಎಣ್ಣೆಯ ಪಾಲಿಶ್ ಹಚ್ಚಬಾರದು. ಮುಚ್ಚಿದ ಜಾಗದಲ್ಲಿ ಅದರ ವಾಸನೆ ತಿಂಗಳುಗಟ್ಟಲೆ ಉಳಿದು ಬಟ್ಟೆಗೂ ಹತ್ತುತ್ತದೆ. ಅಲ್ಲಿಗೆ ತೆಳುವಾದ ಅರಗಿನ ಲೇಪ ಸಾಕು, ಅಥವಾ ಬರಿಮರವಾದರೂ ಸರಿ. ಜಾರುವ ಅಂಚುಗಳಿಗೆ ಪಾಲಿಶ್ ಬೇಡ, ಮೇಣದಬತ್ತಿಯ ತುಂಡನ್ನು ಉಜ್ಜಿದರೆ ಡ್ರಾಯರ್ ಸಲೀಸಾಗಿ ಓಡುತ್ತದೆ.