ಗಂಡಸರ ಒಳ ಉಡುಪು: ಮೊಳಕಾಲ್ಮುರು–ಚಳ್ಳಕೆರೆ ಸೀಮೆಯ ಬಳಕೆ

ಪಂಚೆ, ಲುಂಗಿ, ಪ್ಯಾಂಟುಗಳ ಒಳಗೆ ಸೊಂಟದಿಂದ ತೊಡೆಯವರೆಗೆ ಮೈಗೆ ತಾಗಿಸಿ ತೊಡುವ ಬಟ್ಟೆಯೇ ಗಂಡಸರ ಒಳ ಉಡುಪು. ಲಂಗೋಟಿ, ಪಟ್ಟಾಪಟ್ಟಿ ಚಡ್ಡಿ, ಎಲಾಸ್ಟಿಕ್ ಬ್ರೀಫ್ ಇದರ ಮುಖ್ಯ ರೂಪಗಳು. ಮೇಲೆ ಉಡುವುದು ಬದಲಾದಾಗಲೆಲ್ಲ ಒಳಗಿನದೂ ಬದಲಾಗಿದೆ. ಬಿಸಿಲು, ಬೆವರು, ಮಾಡುವ ಕೆಲಸ ಇವೂ ಅದರ ಅಳತೆಯನ್ನು ತೀರ್ಮಾನಿಸಿವೆ. ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಿನ ಮೊಳಕಾಲ್ಮುರು ಮತ್ತು ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು. ಕುರಿ, ದನ, ಶೇಂಗಾ, ಮಗ್ಗಗಳನ್ನು ನಂಬಿದ ಈ ಸೀಮೆಯಲ್ಲಿ ಆ ಬದಲಾವಣೆಯ ಜಾಡು ಸ್ಪಷ್ಟವಾಗಿದೆ.

ಬೆಟ್ಟದ ಮೇಲಿನ ಅಶೋಕನ ಶಾಸನ ಕ್ರಿ.ಪೂ. 3ನೇ ಶತಮಾನದ್ದು. ಉಡುಪಿನ ವಿಚಾರದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಆ ಕಾಲಕ್ಕೆ ಹತ್ತಿರದ ಚಿತ್ರ ಸಿಗುವುದು ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದ ಶಿಲ್ಪಗಳಲ್ಲಿ: ಸೊಂಟಕ್ಕೆ ಸುತ್ತಿದ ಹೊಲಿಗೆಯಿಲ್ಲದ ಬಟ್ಟೆ, ಅದರ ಮೇಲೊಂದು ನಡುಪಟ್ಟಿ. ಮಧ್ಯಯುಗದ ವೀರಗಲ್ಲುಗಳಲ್ಲಿ ಹೋರಾಡುವ ವೀರರು ಬಿಗಿಯಾಗಿ ಕಚ್ಚೆ ಹಾಕಿಕೊಂಡಿದ್ದಾರೆ. ಕಾಲ ನಡುವಿನಿಂದ ಎಳೆದು ಹಿಂದೆ ಸಿಕ್ಕಿಸಿದ ಕಚ್ಚೆಯೇ ಮಾನ ಮುಚ್ಚುವ ಕೆಲಸವನ್ನೂ ಅಂಗಕ್ಕೆ ಆಸರೆ ಕೊಡುವ ಕೆಲಸವನ್ನೂ ಮಾಡುತ್ತಿದ್ದುದರಿಂದ ಪ್ರತ್ಯೇಕ ಒಳ ಉಡುಪಿನ ಅಗತ್ಯ ಹೆಚ್ಚಾಗಿ ಬೀಳಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ ರಾಜನ ವಸ್ತ್ರಭೋಗವನ್ನು ಋತುವಿಗೆ ತಕ್ಕಂತೆ ವಿವರಿಸುತ್ತದೆ. ಅರಮನೆಯ ಆಚೆ ಈ ಆಯ್ಕೆ ಎಷ್ಟು ಜನಕ್ಕಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. 1442–43ರಲ್ಲಿ ಕಲ್ಲಿಕೋಟೆಯಲ್ಲಿದ್ದು ಅಲ್ಲಿಂದ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್, ಕಲ್ಲಿಕೋಟೆಯ ಜನ ಹೊಕ್ಕುಳಿಂದ ಮೊಣಕಾಲ ಮೇಲಿನವರೆಗೆ ಮಾತ್ರ ಬಟ್ಟೆ ಕಟ್ಟುತ್ತಿದ್ದರೆಂದು ಬರೆದು, ಅದನ್ನು ಲಂಗೋಟ ಎಂಬ ಅರ್ಥದ ಹೆಸರಿನಿಂದಲೇ ಕರೆದಿದ್ದಾನೆ.

ಲಂಗೋಟಿಗೆ ಹೊಲಿಗೆ ಬೇಡ, ಅಳತೆಯೂ ಬೇಡ. ಗೇಣಗಲದ ಹತ್ತಿಯ ಪಟ್ಟಿಯನ್ನು ಮುಂದೆ ಉಡಿದಾರಕ್ಕೆ ಸಿಕ್ಕಿಸಿ, ಕಾಲ ನಡುವೆ ಹಾಯಿಸಿ, ಹಿಂದೆ ಮತ್ತೆ ಅದೇ ದಾರಕ್ಕೆ ಸಿಕ್ಕಿಸಿದರೆ ಆಯಿತು. ಉಡಿದಾರ ಇಲ್ಲಿ ಬರಿಯ ಶಾಸ್ತ್ರದ ದಾರವಲ್ಲ. ಇಡೀ ಉಡುಪಿನ ಭಾರ ಹೊರುವುದು ಅದೇ. ಉಳ್ಳವರು ಬೆಳ್ಳಿಯದು ಹಾಕಿದರು, ಇಲ್ಲದವರು ನೂಲಿನದು. ಮೈ ಇಳಿದರೂ ಬಂದರೂ ಎಳೆತವನ್ನು ತಾನೇ ಸರಿಮಾಡಿಕೊಳ್ಳಬಹುದು, ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ. ಹೆಗಲ ಮೇಲೆ ಕಂಬಳಿ, ನಡುವಿಗೆ ಲಂಗೋಟಿ: ಚಳ್ಳಕೆರೆ ಸೀಮೆಯ ಕುರಿಗಾಹಿ ಬಿಸಿಲು, ಚಳಿ, ಮಳೆ ಮೂರನ್ನೂ ಎದುರಿಸಿದ್ದು ಇಷ್ಟರಲ್ಲೇ. ಒರಟು ಉಣ್ಣೆ ತೊಡೆಸಂದಿಗೆ ಆಗಿಬರುವುದಿಲ್ಲ. ಅಲ್ಲಿ ಹತ್ತಿಯೇ ಬೇಕು. ಉಪನಯನದ ವಟುವಿಗೆ ಕೌಪೀನ ತೊಡಿಸುವುದು, ದಿಗಂಬರ ಜೈನರಲ್ಲಿ ಐಲಕ ಪದವಿಯವರು ಲಂಗೋಟಿಯೊಂದನ್ನೇ ಇಟ್ಟುಕೊಳ್ಳುವುದು ಈ ಬಟ್ಟೆಗೆ ದೊರೆತ ಬೇರೆ ಗೌರವಗಳು. ಗರಡಿಮನೆಯಲ್ಲಿ ಲಂಗೋಟಿ ಅಗಲವಾಗಿ, ಕಟ್ಟುದಾರಗಳೊಂದಿಗೆ ಇನ್ನಷ್ಟು ಬಿಗಿಯಾಯಿತು. ಬಸ್ಕಿ ಹೊಡೆಯುವಾಗ, ಪಟ್ಟು ಹಾಕುವಾಗ ಅಂಗ ಜೋಲಾಡದಂತೆ ತಡೆಯುವುದು ಅದರ ಉದ್ದೇಶ.

ಕಚ್ಚೆ ಬಿಟ್ಟು ಅಡ್ಡಪಂಚೆ, ಲುಂಗಿ ಸುತ್ತುವ ರೂಢಿ ಬಲಿತಾಗ ಒಳಗೊಂದು ಹೊಲಿದ ಬಟ್ಟೆ ಬೇಕಾಯಿತು. ಬೆಂಗಳೂರಿನಲ್ಲಿ 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಗಿರಣಿ, ಅನಂತರ ದಾವಣಗೆರೆಯ ಹತ್ತಿಗಿರಣಿಗಳು, ಊರೂರಿಗೆ ಬಂದ ಹೊಲಿಗೆ ಯಂತ್ರ ಇವು ಅದನ್ನು ಸಾಧ್ಯವಾಗಿಸಿದವು. ಹೀಗೆ ಬಂದದ್ದು ಪಟ್ಟಾಪಟ್ಟಿ ಚಡ್ಡಿ. ನೀಲಿ, ಕೆಂಪು ಇಲ್ಲವೇ ಹಸಿರು ಗೀಟಿನ ದಪ್ಪ ಹತ್ತಿಬಟ್ಟೆ, ಮೊಣಕಾಲಿನ ಸಮೀಪಕ್ಕೆ ಇಳಿಯುವ ಅಗಲವಾದ ಕಾಲುಗಳು, ಸೊಂಟದ ಮಡಿಕೆಯಲ್ಲಿ ಓಡುವ ಲಾಡಿ. ಕುಕ್ಕರಗಾಲಲ್ಲಿ ಕೂತಾಗ ಹರಿಯದಿರಲೆಂದು ದರ್ಜಿ ತೊಡೆಸಂದಿನಲ್ಲಿ ಚೌಕ ತುಂಡೊಂದನ್ನು ಸೇರಿಸಿ ಹೊಲಿಯುತ್ತಾನೆ. ಕೂರುವ ಸುಖವೆಲ್ಲ ಆ ತುಂಡಿನಲ್ಲಿದೆ. ಪಕ್ಕದ ಆಳವಾದ ಜೇಬು ಸಂತೆಯ ದುಡ್ಡಿಗೆ, ಬೀಡಿಕಟ್ಟಿಗೆ. ಪಂಚೆಯನ್ನು ಸರಿಸದೆ ಅಲ್ಲಿಗೆ ಕೈ ಹೋಗದ್ದರಿಂದ ಜೇಬುಗಳ್ಳರ ಭಯ ಕಡಿಮೆ. ಪಂಚೆ ಎತ್ತಿಕಟ್ಟಿದಾಗ ಗೀಟು ಹೊರಗೆ ಕಾಣುತ್ತದೆ, ಕಂಡರೆ ಯಾರೂ ನಾಚುವುದೂ ಇಲ್ಲ. ಹೊಲದಲ್ಲಿ ಅದೇ ಹೊರ ಉಡುಪು. ಸಿನಿಮಾ, ನಾಟಕಗಳು ಇದನ್ನು ಹಳ್ಳಿಗನ ಗುರುತಾಗಿಸಿ ನಗೆಗೆ ಬಳಸಿದ್ದು ಉಡುಪಿಗೆ ಮಾಡಿದ ಅನ್ಯಾಯವೇ ಸರಿ.

ಪ್ಯಾಂಟು ಬಂದಾಗ ಈ ಚಡ್ಡಿಗೆ ಕಷ್ಟಕಾಲ ಬಂತು. ಕಿರಿದಾದ ಕಾಲಿನೊಳಗೆ ಅದರ ನೆರಿಗೆ ಮುದುಡಿ ಉಂಡೆಯಾಗುತ್ತದೆ. ಅಮೆರಿಕದ ಕೂಪರ್ಸ್ ಕಂಪನಿಗಾಗಿ ಆರ್ಥರ್ ನೈಬ್ಲರ್ ರೂಪಿಸಿದ, ಕಾಲಿಲ್ಲದ ಹೆಣಿಗೆಬಟ್ಟೆಯ ಬ್ರೀಫ್ 1935ರ ಜನವರಿ 19ರಂದು ಶಿಕಾಗೋದಲ್ಲಿ ಮಾರಾಟಕ್ಕೆ ಬಂದಿತ್ತು. ಜಾಕಿ ಎಂಬುದು ಅದರ ಹೆಸರು. ನೇಯ್ದ ಬಟ್ಟೆ ಹಿಗ್ಗುವುದಿಲ್ಲ, ಹೆಣೆದದ್ದು ಹಿಗ್ಗುತ್ತದೆ. ಲಾಡಿಯ ಜಾಗಕ್ಕೆ ರಬ್ಬರಿನ ಎಲಾಸ್ಟಿಕ್ ಬಂತು. 1958ರಲ್ಲಿ ಡುಪಾಂಟ್ ಕಂಪನಿಯಲ್ಲಿ ಸಿದ್ಧವಾದ ಸ್ಪ್ಯಾಂಡೆಕ್ಸ್ ನೂಲು ಬಟ್ಟೆಗೇ ಆ ಗುಣ ತಂದಿತು. ಭಾರತದಲ್ಲಿ ಕೋಲ್ಕತ್ತ, ತಿರುಪ್ಪೂರುಗಳ ಹೊಸೈರಿ ಉದ್ಯಮ ಇದನ್ನು ಅಗ್ಗವಾಗಿಸಿತು. ಜಾಕಿಯ ಭಾರತದ ಪರವಾನಗಿ ಪಡೆದ ಪೇಜ್ ಇಂಡಸ್ಟ್ರೀಸ್ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿ, ಹಾಸನ ಮೊದಲಾದೆಡೆಗೂ ಹಬ್ಬಿತು. ಜೀನ್ಸಿನ ಸೊಂಟ ಕೆಳಗಿಳಿದ ಮೇಲೆ ಹೆಸರು ಅಚ್ಚಾದ ಪಟ್ಟಿ ಹೊರಗೆ ಇಣುಕುವುದೇ ಶೋಕಿಯಾಯಿತು.

ಈ ಬಿಗಿ ಉಡುಪಿನ ಬೆಲೆ ತೆರುವುದು ಮೈ. ವೃಷಣಗಳು ದೇಹದ ಉಳಿದ ಭಾಗಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ಹಾರ್ವರ್ಡ್ ಸಂಶೋಧಕರು 656 ಗಂಡಸರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಡಿಲ ಬಾಕ್ಸರ್ ಚಡ್ಡಿ ತೊಡುವವರ ವೀರ್ಯಾಣು ಸಾಂದ್ರತೆ ಉಳಿದವರಿಗಿಂತ 25% ಹೆಚ್ಚಿತ್ತು. ಬೆವರಿನಲ್ಲಿ ನೆನೆದ ಬಿಗಿ ಬಟ್ಟೆ ತೊಡೆಸಂದಿನ ಹುಳುಕಡ್ಡಿಗೂ ದಾರಿ. ಅಳತೆಯೂ ಮುಖ್ಯ: ಪೊಟ್ಟಣದ ಮೇಲೆ 80, 85, 90 ಎಂದಿರುವುದು ಸೆಂಟಿಮೀಟರು, 32 ಇಂಚಿನ ನಡು ಸುಮಾರು 81 ಸೆಂ.ಮೀ. ಆಗುತ್ತದೆ. ಎಲಾಸ್ಟಿಕ್ ಸೊಂಟದಲ್ಲಿ ಗೆರೆ ಮೂಡಿಸಿದರೆ ಒಂದು ಅಳತೆ ದೊಡ್ಡದು ಬೇಕೆಂದೇ ಅರ್ಥ. ಪ್ಯಾಂಟಿನೊಳಗೆ ಬ್ರೀಫಿಗೆ ಸಾಟಿಯಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಹೊಲದ ಕೆಲಸಕ್ಕೆ ಮಾತ್ರ ಸಡಿಲ ಹತ್ತಿಯ ಪಟ್ಟಾಪಟ್ಟಿ ಚಡ್ಡಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.