ಮಕ್ಕಳ ಅಶಾಬ್ದಿಕ ಬುದ್ಧಿಶಕ್ತಿ ಪರೀಕ್ಷೆ

ಮಾತು, ಓದು, ಬರಹಗಳನ್ನು ನೆಚ್ಚದೆ ಚಿತ್ರ, ಆಕೃತಿ, ಕೈಕೆಲಸಗಳ ಮೂಲಕ ಮಗುವಿನ ವಿವೇಚನಾಶಕ್ತಿಯನ್ನು ಅಳೆಯುವ ವಿಧಾನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಗಡಿಸೀಮೆಯ ತಾಲ್ಲೂಕುಗಳಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಇಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ. ಕನ್ನಡದ ಪ್ರಶ್ನೆಗೆ ಒಂದನೇ ತರಗತಿಯ ಮಗು ಸುಮ್ಮನಿದ್ದರೆ, ಅದಕ್ಕೆ ತಿಳಿಯದ್ದು ಉತ್ತರವೋ ಪ್ರಶ್ನೆಯೋ ಎಂದು ಹೇಳಲಾಗದು. ವಿ.ವಿ. ಕಾಮತ್ 1934ರಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ರೂಪಿಸಿದ ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆಯಾದರೂ ಅದರ ಬಹುಪಾಲು ಮಾತಿನ ಮೇಲೆಯೇ ನಿಂತಿದೆ.

ಚಿಕ್ಕ ಮಕ್ಕಳಿಗೆ ಸೆಗ್ವಿನ್ ಫಾರ್ಮ್ ಬೋರ್ಡ್ ಹೆಚ್ಚು ಒಗ್ಗುತ್ತದೆ. ಮರದ ಹಲಗೆಯಲ್ಲಿ ವೃತ್ತ, ಚೌಕ, ನಕ್ಷತ್ರ ಮುಂತಾದ 10 ಗುಳಿಗಳಿರುತ್ತವೆ. ಅವುಗಳಲ್ಲಿ ಕೂರುವ ಬಿಲ್ಲೆಗಳನ್ನು ತೆಗೆದು ಮಗುವಿನ ಮುಂದೆ ಗುಡ್ಡೆಹಾಕಿ, ಬೇಗ ಬೇಗ ಜೋಡಿಸಲು ಸೂಚಿಸುತ್ತಾರೆ. ಹೀಗೆ 3 ಸಲ ಮಾಡಿಸಿ, ತೀರ ಕಡಿಮೆ ಹಿಡಿದ ಸಮಯವನ್ನು ಮಾನಕಗಳೊಂದಿಗೆ ಹೋಲಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಜೆ. ಭರತ್ ರಾಜ್ 1971ರಲ್ಲಿ ಭಾರತೀಯ ಮಕ್ಕಳಿಗೆ ಇದರ ಮಾನಕಗಳನ್ನು ಪ್ರಕಟಿಸಿದರು. ಸಮಯದಷ್ಟೇ ಮಗುವಿನ ಕೈಯನ್ನೂ ಗಮನಿಸಬೇಕು. ಮೊದಲ ಸಲ ಷಟ್ಕೋನವನ್ನು ವೃತ್ತದ ಗುಳಿಗೆ ಒತ್ತಿ ನೋಡಿದ ಮಗು ಮುಂದಿನ ಸಲ ಕಣ್ಣಲ್ಲೇ ಅಳೆದು ಸರಿಯಾಗಿ ಕೂರಿಸಿದರೆ, ಅದು ಕಲಿಯುತ್ತಿದೆ ಎಂದರ್ಥ. ಸೆಕೆಂಡುಗಳ ಲೆಕ್ಕದಲ್ಲಿ ಇದು ಪೂರ್ತಿ ಸಿಗುವುದಿಲ್ಲ.

ಜೆ.ಸಿ. ರೇವನ್ ಅವರ ಬಣ್ಣದ ಮ್ಯಾಟ್ರಿಸಸ್ (1947) 5ರಿಂದ 11 ವರ್ಷದವರಿಗೆ ಮೀಸಲು. ವಿನ್ಯಾಸದಲ್ಲಿ ಬಿಟ್ಟುಹೋದ ತುಂಡನ್ನು 6 ಆಯ್ಕೆಗಳಲ್ಲಿ ಗುರುತಿಸಬೇಕು. ಒಟ್ಟು 36 ಪ್ರಶ್ನೆಗಳು. ದೊಡ್ಡ ಮಕ್ಕಳಿಗೆ ಸಿ.ಎಂ. ಭಾಟಿಯಾ ಅವರ ಕ್ರಿಯಾತ್ಮಕ ಪರೀಕ್ಷಾಮಾಲೆ (1955) ಇದೆ.

ಇಂಥ ಪರೀಕ್ಷೆಗಳು ಸಂಶೋಧನೆಗೂ ಒದಗುತ್ತವೆ. ಉದಾಹರಣೆಗೆ, ಕೊಳವೆಬಾವಿ ನೀರಿನ ಫ್ಲೋರೈಡ್ ಕೋಲಾರ ಜಿಲ್ಲೆಯ ಹಳೆಯ ಸಂಕಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಭಾರತೀಯ ಮಾನಕದ ಗರಿಷ್ಠ ಮಿತಿ. ಫ್ಲೋರೈಡಿಗೂ ಮಕ್ಕಳ ಬುದ್ಧಿಶಕ್ತಿಗೂ ನಂಟಿದೆಯೇ ಎಂದು ಬಾಗಲಕೋಟೆ (2011) ಮತ್ತು ಮೈಸೂರು (2015) ಜಿಲ್ಲೆಗಳಲ್ಲಿ ನಡೆದ ಅಧ್ಯಯನಗಳು ರೇವನ್ ಪರೀಕ್ಷೆಯನ್ನೇ ಬಳಸಿದವು. ಮೈಸೂರಿನಲ್ಲಿ ಫ್ಲೋರೈಡ್ ಹೆಚ್ಚಿದ್ದ ಹಳ್ಳಿಯ ಮಕ್ಕಳ ಅಂಕ ಕಡಿಮೆ ಬಂತು. ಆದರೆ ಒಂದೇ ಸಲದ ಸಮೀಕ್ಷೆಯಿಂದ ನೀರೇ ಕಾರಣವೆಂದು ತೀರ್ಮಾನಿಸಲಾಗದು. ಬಡತನ, ಪೌಷ್ಟಿಕತೆ, ತಾಯಿಯ ಓದು ಎಲ್ಲವೂ ಅಂಕದ ಮೇಲೆ ಪರಿಣಾಮ ಬೀರುತ್ತವೆ.

ಅಶಾಬ್ದಿಕ ಪರೀಕ್ಷೆಯೂ ಪರಿಸರದ ಪ್ರಭಾವದಿಂದ ಹೊರತಲ್ಲ. ಚಿತ್ರಪುಸ್ತಕ, ಆಟದ ಬ್ಲಾಕುಗಳನ್ನು ಮುಟ್ಟಿದ ಮಗುವಿಗೆ ಅದು ಸಲೀಸು. ಆದ್ದರಿಂದ ಬೌದ್ಧಿಕ ಅಂಗವೈಕಲ್ಯವನ್ನು ನಿರ್ಧರಿಸುವಾಗ ಐಕ್ಯೂ ಅಂಕವೊಂದೇ ಸಾಲದು. ಮೊದಲು ದೃಷ್ಟಿ, ಶ್ರವಣಗಳ ತಪಾಸಣೆ ಆಗಬೇಕು. ಮಗು ತಾನೇ ಊಟ ಮಾಡುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಅಂಗಡಿಗೆ ಹೋಗಿ ಬರುತ್ತದೆಯೇ ಎಂಬುದನ್ನು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕದ ಮೂಲಕ ಮನೆಯವರಿಂದ, ಅವರದೇ ಮಾತಿನಲ್ಲಿ, ಕೇಳಿ ತಿಳಿಯಬೇಕು.